ಕುದುರೆ, ಕತ್ತಿ ತೋರಿಸಿದರೆ ಕಜಕ್ ಸಿನಿಮಾ ಆಗಿಬಿಡುತ್ತದೆಯೇ?

ಪ್ರಶ್ನೆ: ಕಜಕಿಸ್ತಾನದ ನಿರ್ದೇಶಕರು ಸಿನಿಮಾ ಮೂಲಕ ತಮ್ಮತನವನ್ನು ಮರಳಿ ಪಡೆಯುತ್ತಿದ್ದಾರೆ ಎಂದು ಆಗಾಗ ಓದುತ್ತೇನೆ. ಅಂಥದ್ದೇನು ಕಳೆದುಹೋಗಿತ್ತು? ಕುದುರೆ, ಕತ್ತಿ, ಹುಲ್ಲುಗಾವಲು ತೋರಿಸಿದರೆ ಅದು ಸಿಕ್ಕಿಬಿಡುತ್ತದೆಯೇ?

ಉತ್ತರ: ಇಲ್ಲ. 2005ರಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದು ‘ನೊಮ್ಯಾಡ್’ ಎಂಬ ಐತಿಹಾಸಿಕ ಚಿತ್ರ ತೆಗೆದರು. ಕುದುರೆ, ಕತ್ತಿಗೆ ಬರವಿರಲಿಲ್ಲ. ಕಜಕ್ ವೀರನ ಪಾತ್ರಕ್ಕೆ ಮಾತ್ರ ಮೆಕ್ಸಿಕೊದ ನಟ ಬಂದ!

ಕಳೆದುಹೋದದ್ದು ಬಹಳ. ಅಲೆಮಾರಿಗಳ ಜಾನುವಾರು ಕಿತ್ತುಕೊಂಡು ಅವರನ್ನು ಒಂದೆಡೆ ನೆಲೆಯೂರಿಸಲು ಸೋವಿಯತ್ ಸರ್ಕಾರ ಹೊರಟಾಗ, 1930–33ರ ಕ್ಷಾಮದಲ್ಲಿ ಸುಮಾರು 15 ಲಕ್ಷ ಜನ ಸತ್ತರು. ಹೆಚ್ಚಿನವರು ಕಜಕರೇ. ಜತೆಗೆ ಹೊರಗಿನಿಂದ ವಲಸೆ. 1959ರ ಜನಗಣತಿಯ ಹೊತ್ತಿಗೆ ತಮ್ಮ ನೆಲದಲ್ಲೇ ಅವರು ನೂರಕ್ಕೆ 30. ಪೇಟೆಯ ಭಾಷೆ ರಷ್ಯನ್ ಆಯಿತು. ದರೆಜಾನ್ ಒಮಿರ್ಬಾಯೆವ್ ಅವರ ‘ಕಾರ್ಡಿಯೊಗ್ರಾಮಾ’ (1995) ಚಿತ್ರದಲ್ಲಿ ಕಜಕ್ ಬಿಟ್ಟು ಬೇರೆ ಮಾತು ಬಾರದ ಹಳ್ಳಿ ಹುಡುಗನೊಬ್ಬ ಆರೋಗ್ಯಧಾಮಕ್ಕೆ ಸೇರುತ್ತಾನೆ. ಅಲ್ಲಿ ಸುತ್ತಲೂ ರಷ್ಯನ್. ತನ್ನದೇ ದೇಶದಲ್ಲಿ ಹುಡುಗ ಮೂಗನಂತಾಗುತ್ತಾನೆ. ಯಾವ ಯುದ್ಧದ ದೃಶ್ಯಕ್ಕಿಂತಲೂ ನನಗೆ ಇದು ಹೆಚ್ಚು ಹೇಳುತ್ತದೆ.

ಈಚಿನವರಲ್ಲಿ ಅಸ್ಖಾತ್ ಕುಚಿಂಚಿರೆಕೊವ್ ಅವರನ್ನು ಗಮನಿಸಿ. ಮೊದಲು ಅವರು ನಟ. 2008ರ ‘ಟುಲ್ಪಾನ್’ನಲ್ಲಿ ಕುರಿಹಿಂಡಿನ ಕನಸು ಕಾಣುವ ಅಸಾ ಅವರೇ. ಕಿವಿ ದೊಡ್ಡದು ಎಂದು ಹುಡುಗಿ ಅವನನ್ನು ಒಲ್ಲೆ ಅನ್ನುತ್ತಾಳೆ. ಬಯಲಲ್ಲಿ ಒಬ್ಬನೇ ಇದ್ದಾಗ ಕುರಿಯೊಂದರ ಹೆರಿಗೆ ಮಾಡಿಸಿ, ಮರಿಯ ಬಾಯಿಗೆ ಬಾಯಿಟ್ಟು ಉಸಿರು ತುಂಬುತ್ತಾನೆ. ಕಣ್ಣೆದುರೇ ನಡೆದ ನಿಜವಾದ ಹೆರಿಗೆ ಅದು.

ನಿರ್ದೇಶಕರಾಗಿ 2023ರಲ್ಲಿ ಅವರು ತೆಗೆದ ಚಿತ್ರ ‘ಬೌರಿನಾ ಸಾಲು’. ಮಗುವನ್ನು ಅಜ್ಜ-ಅಜ್ಜಿಯ ಮಡಿಲಿಗೆ ಹಾಕಿ, ಅವರ ಮಗುವಾಗಿಯೇ ಬೆಳೆಯಲು ಬಿಡುವ ಹಳೆಯ ಕಜಕ್ ಪದ್ಧತಿಯ ಹೆಸರು ಇದು. ‘ಬೌರ್’ ಎಂದರೆ ಪಿತ್ತಜನಕಾಂಗ. ಒಡಹುಟ್ಟಿದವರಿಗೂ ಅದೇ ಪದ. ನಾವು ಕರುಳು ಅನ್ನುವ ಕಡೆ ಅವರು ಬೌರ್ ಅನ್ನುತ್ತಾರೆ, ಅಷ್ಟೇ. ಈ ಅರ್ಥ ರಷ್ಯನ್‌ನಲ್ಲಿ ಹೇಳಹೊರಟರೆ ಅರ್ಧ ಸೋರಿಹೋಗುತ್ತದೆ. ಕಥೆ ಕಜಕ್‌ನಲ್ಲೇ ಇರಬೇಕಾದ ಕಾರಣ ಇದು.

ಹಾಗೆಂದು ಚಿತ್ರ ಪದ್ಧತಿಗೆ ಆರತಿ ಎತ್ತುವುದಿಲ್ಲ. ಕುಚಿಂಚಿರೆಕೊವ್ ತಾವೂ ಹಾಗೇ ಬೆಳೆದವರು. ಅದರ ನೋವು ಬಲ್ಲರು. ಅಜ್ಜಿ ತೀರಿಕೊಂಡ ಮೇಲೆ ಹುಡುಗ ಯೆರ್ಸುಲ್ತಾನ್ ಹೆತ್ತವರ ಮನೆಗೆ ಬರಬೇಕಾಗುತ್ತದೆ. ವಯಸ್ಸು 12. ಅಪ್ಪ-ಅಮ್ಮನ ಮುಖ ಗೊತ್ತು, ಸಲುಗೆ ಇಲ್ಲ. ಹೆತ್ತ ಮನೆಯಲ್ಲೇ ಅವನು ನೆಂಟನ ಹಾಗೆ ನಿಂತಿರುತ್ತಾನೆ.