ಕೋರ್ಟಿನ ಬಾಗಿಲು ಕಾಯಲು ದಂಡ ಕಟ್ಟಿದವರ ದುಡ್ಡು

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಮಿತಿಗಿಂತ ಗಂಟೆಗೆ 10 ಮೈಲಿ ಜೋರಾಗಿ ಕಾರು ಓಡಿಸಿ ಸಿಕ್ಕಿಬಿದ್ದರೆ, ಮೈಲಿಗೆ 6 ಡಾಲರಿನಂತೆ 60 ಡಾಲರ್ ದಂಡ. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಅದರ ಮೇಲೆ 51 ಡಾಲರಿನ ಕೋರ್ಟು ಖರ್ಚು, ಅದರ ಮೇಲೆ ಆಯಾ ಊರಿನ ಚಿಲ್ಲರೆ ಶುಲ್ಕಗಳು. ಅವುಗಳಲ್ಲಿ ಒಂದು ಕೋರ್ಟ್ ಕಟ್ಟಡದ ಭದ್ರತೆಗೆಂದು ಹಾಕುವಂಥದ್ದು, ಹೆಚ್ಚೆಂದರೆ 20 ಡಾಲರ್. ಉತ್ತರ ವರ್ಜೀನಿಯಾದಲ್ಲಿ ನೆಲೆಸಿರುವ ನಮ್ಮ ಕನ್ನಡದವರಲ್ಲೂ ಇಂಥ ಚೀಟಿ ಪಡೆದವರಿದ್ದಾರೆ. ಕೆಲಸದಲ್ಲಿರುವವರು ಒಟ್ಟು ಮೊತ್ತ ನೋಡಿ, ಆನ್‌ಲೈನಿನಲ್ಲಿ ಕಟ್ಟಿ ಮರೆತುಬಿಡುತ್ತಾರೆ. ಹಾಗೆ ಮರೆಯಲಾಗದವರೂ ಇದ್ದಾರೆ. ಈ ಶುಲ್ಕದ ಕಥೆಯನ್ನು ಹೇಳಬೇಕಾಗಿರುವುದು ಅವರ ಕಾರಣಕ್ಕೆ.

ವರ್ಜೀನಿಯಾದಲ್ಲಿ ಕೋರ್ಟಿನ ಕಾವಲು ಶೆರಿಫ್‌ನ ಹೊಣೆ. ಶೆರಿಫ್ ಜನರಿಂದಲೇ ಆಯ್ಕೆಯಾದ ಅಧಿಕಾರಿ. ಅವರ ಕೈಕೆಳಗಿನ ಡೆಪ್ಯುಟಿಗಳ ಸಂಬಳದಲ್ಲಿ ಒಂದು ಪಾಲನ್ನು ರಾಜ್ಯ ಕೊಡುತ್ತದೆ, ಉಳಿದದ್ದನ್ನು ಕೌಂಟಿ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ಅಥವಾ ನಗರ ತುಂಬಿಕೊಳ್ಳಬೇಕು. 2002ರಲ್ಲಿ ಮಾರ್ಕ್ ವಾರ್ನರ್ ಗವರ್ನರ್ ಆಗಿ ಬಂದಾಗ ರಾಜ್ಯದ ಬೊಕ್ಕಸ ದೊಡ್ಡ ಕೊರತೆಯಲ್ಲಿತ್ತು. ಅದೇ ವರ್ಷ ಶಾಸನಸಭೆ ಸ್ಥಳೀಯ ಸಂಸ್ಥೆಗಳಿಗೆ ಹೊಸ ಅಧಿಕಾರವೊಂದನ್ನು ಕೊಟ್ಟಿತು: ಕ್ರಿಮಿನಲ್ ಇರಲಿ, ಟ್ರಾಫಿಕ್ ಇರಲಿ, ತಪ್ಪಿತಸ್ಥರೆಂದು ತೀರ್ಮಾನವಾದ ಪ್ರತಿ ಪ್ರಕರಣಕ್ಕೂ 5 ಡಾಲರ್‌ವರೆಗೆ ಹಾಕಬಹುದು. ಕೋರ್ಟಿನ ಗುಮಾಸ್ತರು ವಸೂಲು ಮಾಡಿ ಊರಿನ ಖಜಾನೆಗೆ ಕಟ್ಟುತ್ತಾರೆ. ಅದು ಶೆರಿಫ್ ಕಚೇರಿಗೆ, ಕಾವಲು ಸಿಬ್ಬಂದಿಗೆ ಮತ್ತು ಸಲಕರಣೆಗಳಿಗೆ ಮಾತ್ರ ಹೋಗಬೇಕು. ಖುಲಾಸೆಯಾದವರು ಕಟ್ಟಬೇಕಿಲ್ಲ.

ಭಯಕ್ಕೆ ಕಾರಣವಿರಲಿಲ್ಲ ಎಂದು ನಾನು ಹೇಳುವುದಿಲ್ಲ. 2005ರ ಮಾರ್ಚ್ 11ರಂದು ಅಟ್ಲಾಂಟಾದ ಫುಲ್ಟನ್ ಕೌಂಟಿ ಕೋರ್ಟಿನಲ್ಲಿ, ಅತ್ಯಾಚಾರದ ಆರೋಪದ ಮೇಲೆ ಮರುವಿಚಾರಣೆಗೆ ಬಂದಿದ್ದ ಬ್ರಯಾನ್ ನಿಕೋಲ್ಸ್ ತನ್ನ ಕಾವಲಿಗಿದ್ದ ಒಬ್ಬಳೇ ಡೆಪ್ಯುಟಿಯನ್ನು ಹೊಡೆದು ಕೆಡವಿ ಅವಳ ಬಂದೂಕನ್ನು ವಶಮಾಡಿಕೊಂಡ. ಆ ಹಲ್ಲೆ ಕ್ಯಾಮೆರಾದಲ್ಲಿ ದಾಖಲಾಗುತ್ತಿತ್ತು, ಪರದೆಯ ಮುಂದೆ ಗಮನಿಸುವವರಿರಲಿಲ್ಲ. ಆಮೇಲೆ ಕೋರ್ಟ್ ಹಾಲಿಗೆ ನುಗ್ಗಿ ನ್ಯಾಯಾಧೀಶ ರೋಲಂಡ್ ಬಾರ್ನ್ಸ್ ಅವರನ್ನೂ ಕಲಾಪ ಬರೆದುಕೊಳ್ಳುತ್ತಿದ್ದ ಮಹಿಳೆಯನ್ನೂ ಗುಂಡಿಟ್ಟು ಕೊಂದ. ಹೊರಗೆ ಇನ್ನೊಬ್ಬ ಡೆಪ್ಯುಟಿ ಸತ್ತರು. ಅಂದಿನಿಂದ ಮೆಟಲ್ ಡಿಟೆಕ್ಟರ್ ಬೇಕೇ ಎಂಬ ಪ್ರಶ್ನೆಯೇ ಹೋಗಿ, ದುಡ್ಡು ಎಲ್ಲಿಂದ ಎಂಬುದಷ್ಟೇ ಉಳಿಯಿತು. ವರ್ಜೀನಿಯಾದ ಮಿತಿ 2007ರಲ್ಲಿ 10 ಡಾಲರ್ ಆಯಿತು, 2020ರಲ್ಲಿ 20 ಡಾಲರ್.

ಆ 2020ರ ಅಧಿವೇಶನವೇ ಇನ್ನೊಂದು ಕೆಲಸವನ್ನೂ ಮಾಡಿತು. ಕೋರ್ಟಿನ ದಂಡ, ಖರ್ಚು ಕಟ್ಟದವರ ಚಾಲನಾ ಪರವಾನಗಿಯನ್ನು ಅಮಾನತು ಮಾಡುವ ಪದ್ಧತಿಯನ್ನು ಶಾಶ್ವತವಾಗಿ ನಿಲ್ಲಿಸಿತು. ಕೋರ್ಟಿನ ಬಾಕಿ ಬಡವರನ್ನು ಮುಳುಗಿಸುತ್ತಿದೆ ಎಂದು ಒಪ್ಪಿಕೊಂಡ ಅದೇ ಸಭೆ, ಅದೇ ಬಾಕಿಯ ಒಂದು ಬಾಬ್ತನ್ನು ದುಪ್ಪಟ್ಟು ಮಾಡಲು ಒಪ್ಪಿಗೆ ಕೊಟ್ಟಿತು. ಇದನ್ನು ಎಷ್ಟು ಯೋಚಿಸಿದರೂ ಸಮರ್ಥಿಸಿಕೊಳ್ಳಲು ನನಗೆ ಆಗುವುದಿಲ್ಲ.

ಕ್ಯಾಲಿಫೋರ್ನಿಯಾ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಅಲ್ಲೂ ಬಜೆಟ್ ಬಿಕ್ಕಟ್ಟಿನ 2003ರಲ್ಲಿ ಪ್ರತಿ ಅಪರಾಧ ನಿರ್ಣಯಕ್ಕೆ 20 ಡಾಲರಿನ ಕೋರ್ಟ್ ಭದ್ರತಾ ಶುಲ್ಕ ಬಂತು. ಕಾನೂನು ಬರುವ ಮುಂಚೆ ನಡೆದ ಅಪರಾಧಕ್ಕೂ ಇದನ್ನು ಹಾಕಬಹುದೇ ಎಂಬ ವಾದ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದಾಗ, 2007ರಲ್ಲಿ ಬಂದ ಉತ್ತರ: ಹಾಕಬಹುದು, ಏಕೆಂದರೆ ಇದು ಶಿಕ್ಷೆಯಲ್ಲ, ಹಣ ಹೊಂದಿಸುವ ಕ್ರಮ. ಶಿಕ್ಷೆ ಅಲ್ಲ ಎಂದಾದರೆ ಶಿಕ್ಷೆಗೆ ಒಳಗಾದವರಿಂದಲೇ ಏಕೆ ಎತ್ತಬೇಕು ಎಂಬುದಕ್ಕೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ. ಶುಲ್ಕ 2009ರಲ್ಲಿ 30, 2010ರಲ್ಲಿ 40 ಡಾಲರ್‌ಗೆ ಏರಿತು. 2011ರಲ್ಲಿ ಕೋರ್ಟಿನ ಕಾವಲಿನ ಖರ್ಚನ್ನು ಕೌಂಟಿಗಳ ಕಡೆಗೆ ದಾಟಿಸಿದರು. ಶುಲ್ಕವನ್ನು ಮಾತ್ರ ಬಿಡದೆ, ಕೋರ್ಟಿನ ಸಾಮಾನ್ಯ ಖರ್ಚಿಗೆ ಉಳಿಸಿಕೊಂಡರು.

ಈ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು 2019ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಯಲಾಯಿತು. ಮೇಲ್ಮನವಿ ಸಲ್ಲಿಸಿದ್ದಾಕೆ ಇಬ್ಬರು ಮಕ್ಕಳ ತಾಯಿ; ಸೆರೆಬ್ರಲ್ ಪಾಲ್ಸಿ (ಅಂಗಾಂಗಗಳ ಚಲನೆಗೆ ತೊಡಕಾಗುವ ಮಿದುಳಿನ ತೊಂದರೆ) ಇತ್ತು, ಸ್ವಂತ ಸೂರಿರಲಿಲ್ಲ. ಹದಿಹರೆಯದಲ್ಲಿ ಬಿದ್ದ ದಂಡ ಕಟ್ಟಲಾಗದೆ ಪರವಾನಗಿ ಹೋಗಿತ್ತು. ಪರವಾನಗಿ ಇಲ್ಲದೆ ಓಡಿಸಿದ್ದಕ್ಕೆ ಮತ್ತೆ ಕೇಸು, ಮತ್ತೆ ದಂಡ, ಜೈಲು ಕೂಡ. ಈ ಸಲದ್ದು 220 ಡಾಲರ್: ಕೋರ್ಟಿನ ಖರ್ಚಿಗೆ ಆ 40, ಕಟ್ಟಡಕ್ಕೆ 30, ಅಪರಾಧಗಳಿಂದ ನೊಂದವರ ಪರಿಹಾರಕ್ಕೆಂದು ಹಾಕುವ ದಂಡ 150. ಕಟ್ಟುವ ಶಕ್ತಿ ಇದೆಯೇ ಎಂದು ವಿಚಾರಿಸದೆ 40 ಮತ್ತು 30ರ ಶುಲ್ಕಗಳನ್ನು ಹೇರುವುದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಶಕ್ತಿ ಇದೆಯೆಂದು ಸಾಬೀತಾಗುವವರೆಗೆ ಆ 150ರ ದಂಡದ ವಸೂಲಿಯನ್ನೂ ತಡೆಯಿತು. ಬೇರೆ ಮೇಲ್ಮನವಿ ಪೀಠಗಳು ಇದನ್ನು ಒಪ್ಪದೆ ವಿವಾದ ಬೆಳೆಯಿತು.

ಲೆಕ್ಕದ ದೃಷ್ಟಿಯಿಂದಲೂ ಈ ವ್ಯವಸ್ಥೆ ಗಟ್ಟಿಯಲ್ಲ. 2020ರಲ್ಲಿ ಕೊರೋನಾ ಬಂದು ರಸ್ತೆಗಳು ಖಾಲಿಯಾದಾಗ ಟ್ರಾಫಿಕ್ ಕೇಸುಗಳು ಇಳಿದವು. ಬಾಗಿಲಲ್ಲಿ ನಿಂತ ಡೆಪ್ಯುಟಿಯ ಸಂಬಳ ಹಾಗೆ ಇಳಿಯುವುದಿಲ್ಲ. ಆ ಬಾಗಿಲಿನಿಂದ ಒಳಗೆ ಹೋಗುವವರು ಯಾರು ನೋಡಿ: ಜ್ಯೂರಿಗೆ ಕರೆ ಬಂದವರು, ವಿಚ್ಛೇದನಕ್ಕೆ ಬಂದ ದಂಪತಿ, ಮನೆ ಖಾಲಿ ಮಾಡಿಸಲು ಬಂದ ಮಾಲೀಕ, ವಕೀಲರು, ನ್ಯಾಯಾಧೀಶರು. ಎಲ್ಲರ ಜೀವಕ್ಕೂ ಅದೇ ಕಾವಲು. ಬಿಲ್ಲು ಮಾತ್ರ ತಪ್ಪಿತಸ್ಥರಿಗೆ. ಬೀದಿ ದೀಪಕ್ಕೆ, ಅಗ್ನಿಶಾಮಕ ದಳಕ್ಕೆ ಬರುವ ಹಾಗೆ ಇದಕ್ಕೂ ತೆರಿಗೆಯಿಂದಲೇ ಹಣ ಬರಬೇಕು.

ಬದಲಾಯಿಸಲು ಆಗದ ವಿಷಯವೇನೂ ಅಲ್ಲ ಇದು. ಕ್ಯಾಲಿಫೋರ್ನಿಯಾ 2021ರ ಜುಲೈನಿಂದ 23 ಬಗೆಯ ಆಡಳಿತ ಶುಲ್ಕಗಳನ್ನು, 2022ರ ಜನವರಿಯಿಂದ ಇನ್ನೂ 17 ಬಗೆಯವನ್ನು ರದ್ದು ಮಾಡಿತು. ಮೊದಲ ಸುತ್ತಿನಲ್ಲಿ ಕೌಂಟಿಗಳಿಗೆ ಆದ ನಷ್ಟಕ್ಕೆ ರಾಜ್ಯದ ಬೊಕ್ಕಸದಿಂದ ವರ್ಷಕ್ಕೆ 6.5 ಕೋಟಿ ಡಾಲರ್ ಕೊಡಲು ಒಪ್ಪಿತು. ಭದ್ರತೆಯ ಹೆಸರಿನಲ್ಲಿ ಶುರುವಾದ ಆ 40 ಡಾಲರ್ ಎರಡೂ ಪಟ್ಟಿಗಳಲ್ಲಿ ಇರಲಿಲ್ಲ.