ಒಂದು ಸಲಿಕೆ ಮಣ್ಣು ತೆಗೆಯಲು ತರಬೇತಿ ಬೇಕೇ?

ಓದುಗರ ಪ್ರಶ್ನೆ: ಗಣಿಗಳಲ್ಲಿ ಅದಿರಿನ ಮಾದರಿ ತೆಗೆಯುವವರಿಗೆ ದಿನಗಟ್ಟಲೆ ತರಬೇತಿ ಕೊಡುತ್ತಾರಂತೆ. ಪ್ರಯೋಗಾಲಯದ ಯಂತ್ರಗಳು ಹತ್ತು ಲಕ್ಷದಲ್ಲಿ ಒಂದು ಪಾಲನ್ನೂ ಅಳೆಯುತ್ತವೆ. ಹಾಗಿರುವಾಗ ರಾಶಿಯಿಂದ ಒಂದು ಸಲಿಕೆ ತೆಗೆದು ಚೀಲಕ್ಕೆ ತುಂಬುವ ಕೆಲಸದಲ್ಲಿ ಕಲಿಯುವುದೇನಿದೆ? ಅಲ್ಲೊಂದು ಇಲ್ಲೊಂದು ತಪ್ಪಾದರೂ ಸರಾಸರಿಯಲ್ಲಿ ಸರಿಹೋಗುವುದಿಲ್ಲವೇ?

ಉತ್ತರ: ಈ ಪ್ರಶ್ನೆ ಗಣಿಯ ಹೊರಗಿನವರದು ಮಾತ್ರವಲ್ಲ. ತರಬೇತಿಯ ಖರ್ಚಿನ ಕಡತ ಮೇಜಿಗೆ ಬಂದಾಗ ಗಣಿಯ ಲೆಕ್ಕ ನೋಡುವವರೂ ಇದನ್ನೇ ಕೇಳುತ್ತಾರೆ. ಹಾಗಾಗಿ ಲೆಕ್ಕದಿಂದಲೇ ಶುರುಮಾಡೋಣ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಒಂದು ಚಿನ್ನದ ಗಣಿಯ ಅದಿರಿನಲ್ಲಿ ಟನ್ನಿಗೆ 1 ಗ್ರಾಂ ಚಿನ್ನವಿದೆ ಎಂದುಕೊಳ್ಳಿ. ದೊಡ್ಡ ತೆರೆದ ಗಣಿಗಳಲ್ಲಿ ಇದೇನೂ ಅಪರೂಪದ ಮಟ್ಟವಲ್ಲ. ಪ್ರಯೋಗಾಲಯದವರು ಚೀಲದಲ್ಲಿ ಬಂದದ್ದನ್ನೆಲ್ಲ ಕರಗಿಸಿ ನೋಡುವುದಿಲ್ಲ. ಅದನ್ನು ಪುಡಿಮಾಡಿ, ಅದರಿಂದ ಸಾಮಾನ್ಯವಾಗಿ 30 ಅಥವಾ 50 ಗ್ರಾಂ ತೂಗಿ ಕುಲುಮೆಗೆ ಹಾಕುತ್ತಾರೆ. 30 ಗ್ರಾಂ ಪುಡಿಯಲ್ಲಿ ಇರಬೇಕಾದ ಚಿನ್ನ 30 ಮೈಕ್ರೋಗ್ರಾಂ. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ತೂಕದ ಲೋಹವಾದ್ದರಿಂದ 0.1 ಮಿಲಿಮೀಟರ್ ದಪ್ಪದ ಒಂದು ದುಂಡು ಕಣವೇ ಹೆಚ್ಚುಕಡಿಮೆ 10 ಮೈಕ್ರೋಗ್ರಾಂ ತೂಗುತ್ತದೆ. ಅಂದರೆ ಆ ಪುಡಿಯಲ್ಲಿ ಇರುವುದು ಮೂರೇ ಮೂರು ಕಣ.

ಸರಾಸರಿ ಮೂರು, ಅಷ್ಟೇ. ಪ್ರತಿ ಸಲವೂ ಮೂರೇ ಬರುತ್ತೇವೆಂದು ಕಣಗಳು ಯಾರಿಗೂ ಮಾತು ಕೊಟ್ಟಿಲ್ಲ. ಎಲ್ಲವನ್ನೂ ಶುದ್ಧವಾಗಿ ಮಾಡಿದರೂ ನೂರು ಪೊಟ್ಟಣಗಳಲ್ಲಿ ಸುಮಾರು ಐದರಲ್ಲಿ ಒಂದು ಕಣವೂ ಇರುವುದಿಲ್ಲ, ಸುಮಾರು ಎಂಟರಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಕಣಗಳಿರುತ್ತವೆ. ಒಂದೇ ಅದಿರು ಒಮ್ಮೆ ಬರಡು ಕಲ್ಲಾಗಿಯೂ ಇನ್ನೊಮ್ಮೆ ಎರಡು ಪಟ್ಟು ಶ್ರೀಮಂತವಾಗಿಯೂ ಕಾಣುತ್ತದೆ. ಕಣಗಳು 0.2 ಮಿಲಿಮೀಟರಿನವಾದರೆ ಸ್ಥಿತಿ ಇನ್ನೂ ವಿಚಿತ್ರ. ಗಾತ್ರ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಆಗ ನೂರರಲ್ಲಿ ಹತ್ತಿರ ಹತ್ತಿರ ಎಪ್ಪತ್ತು ಪೊಟ್ಟಣಗಳು ಚಿನ್ನವೇ ಇಲ್ಲ ಎನ್ನುತ್ತವೆ. ಉಳಿದವು ಟನ್ನಿಗೆ 2.7 ಗ್ರಾಂ ಅಥವಾ ಅದಕ್ಕೂ ಹೆಚ್ಚು ಎನ್ನುತ್ತವೆ. ನಿಜವಾದ ಉತ್ತರ 1 ಗ್ರಾಂ. ಅದನ್ನು ಹೇಳುವ ಪೊಟ್ಟಣ ಒಂದೂ ಇಲ್ಲ. ಯಂತ್ರದ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಮುಂದಿಟ್ಟದ್ದನ್ನು ಅದು ನಿಖರವಾಗಿಯೇ ಅಳೆದಿದೆ.

ಈ ಆಟಕ್ಕೆ ನಿಯಮವಿದೆ ಎಂದು ತೋರಿಸಿದವರು ಫ್ರಾನ್ಸಿನ ಪಿಯೆರ್ ಜೀ (1924–2015). 1940ರ ದಶಕದ ಕೊನೆಯಲ್ಲಿ ಕಾಂಗೋ ಪ್ರದೇಶದ ಒಂದು ಸೀಸದ ಗಣಿಯಲ್ಲಿ ಎಂಜಿನಿಯರ್ ಆಗಿದ್ದಾಗ, ಹಿಂದಿನವರು ಬಿಟ್ಟುಹೋಗಿದ್ದ ದೊಡ್ಡ ರಾಶಿಯೊಂದರಲ್ಲಿ ಎಷ್ಟು ಸೀಸವಿದೆ ಎಂದು ಹೇಳುವ ಕೆಲಸ ಅವರ ಪಾಲಿಗೆ ಬಂತು. ಟನ್‌ಗಟ್ಟಲೆ ತೂಗುವ ಬಂಡೆಗಳಿಂದ ಹಿಡಿದು ಧೂಳಿನವರೆಗೆ ಎಲ್ಲವೂ ಇದ್ದ ರಾಶಿ ಅದು. ಎಷ್ಟು ಮಾದರಿ ತೆಗೆದರೆ ಸಾಕು ಎಂಬುದಕ್ಕೆ ನೆಚ್ಚಬಹುದಾದ ಉತ್ತರ ಎಲ್ಲೂ ಸಿಗದೆ ಅವರೇ ಅದನ್ನು ಹುಡುಕಲು ಹೊರಟರು. ಮುಂದಿನ ದಶಕಗಳೆಲ್ಲ ಅದಕ್ಕೇ ಸಂದವು. ಅವರ ಸಿದ್ಧಾಂತದ ತಿರುಳನ್ನು ಕೆಲಸಗಾರರಿಗೆ ಹೀಗೆ ಹೇಳಬಹುದು: ತುಣುಕಿನ ಗಾತ್ರ ಅರ್ಧವಾದರೆ ಅಷ್ಟೇ ನಂಬಿಕೆಗೆ ಎಂಟನೇ ಒಂದು ಪಾಲು ತೂಕ ಸಾಕು. ಆದ್ದರಿಂದ ಮೊದಲು ಪುಡಿಮಾಡು, ಆಮೇಲೆ ಪಾಲುಮಾಡು. ಐವತ್ತು ಕಿಲೋ ಹೊರುವುದು ಕಷ್ಟವೆಂದು ಸ್ಥಳದಲ್ಲೇ ಮೂರು ಕಿಲೋ ಉಂಡೆಗಲ್ಲು ಆರಿಸಿ ತಂದರೆ, ಆಮೇಲೆ ಎಷ್ಟೇ ನುಣ್ಣಗೆ ಅರೆದರೂ ಹೋದದ್ದು ವಾಪಸು ಬರುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಅದೃಷ್ಟದ ಆಟ. ಅದರಲ್ಲಿ ತಪ್ಪು ಅತ್ತಲೂ ಇತ್ತಲೂ ಬೀಳುತ್ತದೆ. ಕೈ ಮಾಡುವ ತಪ್ಪು ಹಾಗಲ್ಲ, ಅದು ಸದಾ ಒಂದೇ ಕಡೆಗೆ ವಾಲುತ್ತದೆ. ಹೊಳೆಯುವುದೆಲ್ಲ ಚಿನ್ನವಲ್ಲ ಎಂದು ಬಲ್ಲವನ ಕೈಯೂ ಹೊಳೆಯುವ ಕಲ್ಲಿನತ್ತಲೇ ಹೋಗುತ್ತದೆ. ಅದನ್ನು ಬಿಟ್ಟರೆ ಕೈಗೆ ಸುಲಭವಾಗಿ ಸಿಗುವುದರತ್ತ. ಲಾರಿ ಸುರಿದ ರಾಶಿಯನ್ನು ಗಮನಿಸಿ: ದಪ್ಪ ಕಲ್ಲುಗಳು ಉರುಳಿ ಬುಡಕ್ಕೆ ಸೇರುತ್ತವೆ, ಸಣ್ಣ ಪುಡಿ ನಡುವೆ ನಿಲ್ಲುತ್ತದೆ. ಎಷ್ಟೋ ಅದಿರುಗಳಲ್ಲಿ ಬೆಲೆಬಾಳುವ ಖನಿಜ ಬೇಗ ಪುಡಿಯಾಗುವಂಥದ್ದು. ಹಾಗಾಗಿ ಪುಡಿಯಲ್ಲಿ ಲೋಹ ಹೆಚ್ಚು, ಗಟ್ಟಿ ಕಲ್ಲಿನಲ್ಲಿ ಕಡಿಮೆ. ಬುಡದಿಂದ ತೆಗೆದವನಿಗೆ ಗಣಿ ಬಡವಾಗಿ ಕಾಣುತ್ತದೆ, ನಡುವಿನಿಂದ ತೆಗೆದವನಿಗೆ ಶ್ರೀಮಂತವಾಗಿ. ಇಬ್ಬರೂ ಪ್ರಾಮಾಣಿಕರೇ.

ಸ್ಫೋಟಕ್ಕಾಗಿ ಕೊರೆದ ರಂಧ್ರದ ಬಾಯಲ್ಲಿ ಬೀಳುವ ಪುಡಿಯ ಗುಡ್ಡೆಯಂತೂ ಇದಕ್ಕಿಂತ ಮೋಸಗಾರ. ಮೊದಲು ಹೊರಬಂದದ್ದು, ಅಂದರೆ ನೆಲದ ಮೇಲುಭಾಗದ ಕಲ್ಲು, ಗುಡ್ಡೆಯ ಅಡಿಯಲ್ಲಿರುತ್ತದೆ. ರಂಧ್ರದ ತಳದಿಂದ ಕೊನೆಗೆ ಬಂದದ್ದು ಮೇಲೆ ಕೂರುತ್ತದೆ. ರಂಧ್ರವನ್ನು ಬೇಕಾದ ಆಳಕ್ಕಿಂತ ತುಸು ಹೆಚ್ಚೇ ಕೊರೆಯುವುದು ವಾಡಿಕೆಯಾದ್ದರಿಂದ, ಆ ಮೇಲಿನ ಪದರ ಕೆಳಗಿನ ಬೆಂಚಿಗೆ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಅಗೆಯುವ ಗಣಿಯ ಮುಂದಿನ ಮೆಟ್ಟಿಲಿಗೆ ಸೇರಿದ್ದು. ಬಗ್ಗಿ ಮೇಲಿನಿಂದ ಒಂದು ಸಲಿಕೆ ತೆಗೆದವನು ಇವತ್ತು ಅಗೆಯುವ ಕಲ್ಲಿನ ಬದಲು ಮುಂದೆಂದೋ ಅಗೆಯುವ ಕಲ್ಲಿನ ಮಾದರಿ ತಂದಿರುತ್ತಾನೆ. ಗುಡ್ಡೆಯ ನಡುವಿನಿಂದ ಅಂಚಿನವರೆಗೆ, ಮೇಲಿನಿಂದ ತಳದವರೆಗೆ ಪೂರ್ತಿ ಸೀಳಿ ತೆಗೆಯಬೇಕು. ಒಂದೇ ಸೀಳಲ್ಲ, ಸುತ್ತಲೂ ಹಲವು. ಸೊಂಟ ನೋವಿನ ಕೆಲಸ. ಏಕೆ ಎಂದು ಗೊತ್ತಿಲ್ಲದವನು ಮೂರನೇ ರಂಧ್ರಕ್ಕೆ ಬರುವ ಹೊತ್ತಿಗೆ ಇದನ್ನು ಬಿಟ್ಟುಬಿಡುತ್ತಾನೆ, ಅವನನ್ನು ದೂರಲಾರೆ.

ಯಂತ್ರ ಇಟ್ಟರೆ ಮುಗಿಯಿತಲ್ಲ ಎನ್ನಬಹುದು. ಕನ್ವೇಯರ್ ಬೆಲ್ಟಿನ ಕೊನೆಯಲ್ಲಿ ಬೀಳುವ ಅದಿರಿನ ಧಾರೆಯನ್ನು ಅಡ್ಡಕ್ಕೆ ಕತ್ತರಿಸಿ ಮಾದರಿ ತೆಗೆಯುವ ಯಂತ್ರವಿದೆ, ನಿಜ. ಅದರ ಬಾಯಿ ಅತಿದೊಡ್ಡ ತುಣುಕಿನ ಮೂರು ಪಟ್ಟಾದರೂ ಅಗಲವಿರಬೇಕು, ಧಾರೆಯನ್ನು ಅಂಚಿನಿಂದ ಅಂಚಿಗೆ ಒಂದೇ ವೇಗದಲ್ಲಿ ದಾಟಬೇಕು. ತುಣುಕು 50 ಮಿಲಿಮೀಟರ್ ಇದ್ದರೆ ಬಾಯಿ 150 ಮಿಲಿಮೀಟರ್. ಮಳೆಗಾಲದ ಒದ್ದೆ ಮಣ್ಣು ಅಂಟಿ ಬಾಯಿ ಅರ್ಧ ಮುಚ್ಚಿದರೆ ದಪ್ಪ ಕಲ್ಲುಗಳು ಬಡಿದು ಆಚೆ ಹಾರುತ್ತವೆ, ಪುಡಿ ಮಾತ್ರ ಒಳಗೆ ಹೋಗುತ್ತದೆ. ಯಂತ್ರ ಎಂದಿನಂತೆ ಓಡುತ್ತಿರುತ್ತದೆ, ಪರದೆಯ ಮೇಲೆ ಕೆಂಪು ದೀಪ ಹತ್ತುವುದಿಲ್ಲ. ಅದನ್ನು ಕಾಣುವುದು ಪಾಳಿಗೊಮ್ಮೆ ಮುಚ್ಚಳ ತೆಗೆದು ಇಣುಕುವ ಮನುಷ್ಯ. ಕ್ರಷರ್ ವಿಷಯವೂ ಹೀಗೆಯೇ: ಶ್ರೀಮಂತ ಮಾದರಿಯ ನಂತರ ಬರಡು ಬೆಣಚುಕಲ್ಲನ್ನು ಅರೆದು ಸ್ವಚ್ಛ ಮಾಡದಿದ್ದರೆ ಮುಂದಿನ ಚೀಲಕ್ಕೂ ಒಂದಿಷ್ಟು ಚಿನ್ನ ದಾನವಾಗುತ್ತದೆ. ಚಿನ್ನದ ಮಾದರಿ ಮುಟ್ಟುವವರು ಕೈಯ ಉಂಗುರ ತೆಗೆದಿಡಬೇಕೆಂಬ ನಿಯಮವೂ ಇದೇ ಕಾರಣಕ್ಕೆ. ಮೂರು ಕಣಗಳ ಲೆಕ್ಕದಲ್ಲಿ ಉಂಗುರದಿಂದ ಸವೆದ ಒಂದು ಕಣವೂ ದೊಡ್ಡ ಮೊತ್ತವೇ.

ಇನ್ನು ನಿಮ್ಮ ಸರಾಸರಿಯ ಪ್ರಶ್ನೆ. ಅದೊಂದೇ ಆಗಿದ್ದರೆ ನಿಮ್ಮ ಮಾತು ಅರ್ಧ ನಿಜವಾಗುತ್ತಿತ್ತು. ಆದರೆ ಗಣಿಯಲ್ಲಿ ಮಾದರಿ ತೆಗೆಯುವುದು ಸರಾಸರಿ ತಿಳಿಯಲು ಮಾತ್ರವಲ್ಲ, ಯಾವ ಕಲ್ಲು ಯಾವ ಕಡೆ ಹೋಗಬೇಕೆಂದು ತೀರ್ಮಾನಿಸಲು. ಬೆಂಚಿನ ಎತ್ತರ 10 ಮೀಟರ್, ರಂಧ್ರಗಳ ನಡುವಿನ ಅಂತರ ಎರಡೂ ಕಡೆ 5 ಮೀಟರ್ ಎಂದುಕೊಂಡರೆ ಒಂದು ರಂಧ್ರದ ಪಾಲಿಗೆ ಬರುವ ಕಲ್ಲು ಸುಮಾರು 675 ಟನ್. ಅದರ ಹಣೆಬರಹ ಬರೆಯುವುದು ಕೊನೆಗೆ ಕುಲುಮೆಗೆ ಹೋದ 30 ಗ್ರಾಂ, ಅಂದರೆ ಎರಡೂಕಾಲು ಕೋಟಿಯಲ್ಲಿ ಒಂದು ಪಾಲು. ನಿಗದಿಯಾದ ಮಟ್ಟಕ್ಕಿಂತ ಹೆಚ್ಚಿದ್ದರೆ ಸಂಸ್ಕರಣಾ ಘಟಕಕ್ಕೆ, ಕಡಿಮೆಯಿದ್ದರೆ ಕಸದ ಗುಡ್ಡಕ್ಕೆ. ತಪ್ಪಾಗಿ ಕಡಿಮೆ ಬಂದರೆ ಒಳ್ಳೆಯ ಅದಿರು ಗುಡ್ಡದಲ್ಲಿ ಹೂತುಹೋಗುತ್ತದೆ. ತಪ್ಪಾಗಿ ಹೆಚ್ಚು ಬಂದರೆ ಬರಡು ಕಲ್ಲನ್ನು ದುಡ್ಡು ಕೊಟ್ಟು ಅರೆಯಬೇಕಾಗುತ್ತದೆ. ಒಂದು ನಷ್ಟ ಇನ್ನೊಂದು ನಷ್ಟವನ್ನು ತುಂಬಿಕೊಡುವುದಿಲ್ಲ. ಅಷ್ಟೇ ಅಲ್ಲ, ಹೆಚ್ಚು ಎಂದು ಬಂದದ್ದನ್ನೇ ಆರಿಸಿ ಕಳಿಸುವುದರಿಂದ ಮೇಲ್ಮುಖದ ತಪ್ಪುಗಳೂ ಅದರ ಜೊತೆಗೇ ಆರಿಸಿಕೊಂಡು ಹೋಗುತ್ತವೆ. ಹಾಗಾಗಿ ಗಣಿಯವರು ಕಳಿಸಿದೆವು ಎಂದು ಬರೆದುಕೊಂಡ ಚಿನ್ನಕ್ಕಿಂತ ಘಟಕದವರಿಗೆ ಸಿಕ್ಕಿದ ಚಿನ್ನ ತಿಂಗಳು ತಿಂಗಳೂ ಕಡಿಮೆ ಬೀಳುತ್ತದೆ. ಆಮೇಲೆ ನಡೆಯುವುದು ಭೂವಿಜ್ಞಾನಿಗೂ ಘಟಕದ ವ್ಯವಸ್ಥಾಪಕನಿಗೂ ಜಗಳ. ಸಲಿಕೆಯ ಹೆಸರು ಆ ಸಭೆಯಲ್ಲಿ ಬರುವುದೇ ಅಪರೂಪ.

ಮೋಸದ ಕಥೆಯೊಂದನ್ನು ಇಲ್ಲಿ ಹೇಳಲೇಬೇಕು. 1990ರ ದಶಕದಲ್ಲಿ ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿ ಇಂಡೋನೇಷ್ಯಾದ ಬೋರ್ನಿಯೋ ದ್ವೀಪದ ಬುಸಾಂಗ್‌ನಲ್ಲಿ ಭಾರಿ ಚಿನ್ನದ ನಿಕ್ಷೇಪ ಸಿಕ್ಕಿದೆ ಎಂದಿತು. ಕೊರೆದು ತೆಗೆದ ಕಲ್ಲಿನ ಕೋರನ್ನು, ಅಂದರೆ ಕೋಲಿನಂಥ ಉದ್ದನೆಯ ತುಂಡನ್ನು, ಉದ್ದಕ್ಕೆ ಸೀಳಿ ಅರ್ಧವನ್ನು ಪರೀಕ್ಷೆಗೆ ಕಳಿಸಿ ಅರ್ಧವನ್ನು ಪೆಟ್ಟಿಗೆಯಲ್ಲಿ ಕಾದಿಡುವುದು ರೂಢಿ. ಬುಸಾಂಗ್‌ನಲ್ಲಿ ಹೆಚ್ಚುಕಡಿಮೆ ಇಡೀ ಕೋರನ್ನೇ ಪುಡಿಮಾಡಲಾಯಿತು. ಕೊಟ್ಟ ಕಾರಣ ಏನು ಗೊತ್ತೇ? ಚಿನ್ನದ ಕಣಗಳು ದಪ್ಪವಾಗಿವೆ, ಆದ್ದರಿಂದ ದೊಡ್ಡ ಮಾದರಿ ಬೇಕು! ಮೇಲೆ ನಾನು ಮಾಡಿದ ಲೆಕ್ಕವನ್ನೇ ಕಳ್ಳನೂ ಮಾಡಿದ್ದ. ಮರುಪರೀಕ್ಷೆಗೆ ಅರ್ಧ ಕೋರ್ ಉಳಿದಿರಲಿಲ್ಲ, ಪುಡಿಗೆ ಹೊರಗಿನ ಚಿನ್ನ ಬೆರೆಸಲಾಗಿತ್ತು. 1997ರಲ್ಲಿ ಇನ್ನೊಂದು ಕಂಪನಿ ಅದೇ ರಂಧ್ರಗಳ ಪಕ್ಕದಲ್ಲೇ ಕೊರೆದು ನೋಡಿದಾಗ ಹೇಳಿಕೊಳ್ಳುವಷ್ಟು ಚಿನ್ನ ಸಿಗಲಿಲ್ಲ. ಶತಕೋಟಿ ಡಾಲರುಗಳ ಲೆಕ್ಕದಲ್ಲಿ ತೂಗುತ್ತಿದ್ದ ಕಂಪನಿ ಕುಸಿಯಿತು. ಬೆರೆಸಿದ ಕಣಗಳು ಹೊಳೆಯಲ್ಲಿ ಉರುಳಿ ಸವೆದಂತೆ ದುಂಡಾಗಿದ್ದವು ಎಂಬುದು ಆಮೇಲೆ ದೊಡ್ಡ ಸುದ್ದಿಯಾಯಿತು. ಬಂಡೆಯೊಳಗಿಂದ ಬಂದ ಕಣ ಹೀಗೆ ಸವೆದದ್ದು ಹೇಗೆ? ಸೂಕ್ಷ್ಮದರ್ಶಕದಡಿ ಕಲ್ಲಿನ ಪುಡಿ ನೋಡಿ ಅಭ್ಯಾಸವಿದ್ದ ಯಾರೇ ಆದರೂ ಕೇಳಬೇಕಾಗಿದ್ದ ಪ್ರಶ್ನೆ ಅದು.

ಮಾದರಿಯ ತಪ್ಪು ಹಣದ ತಪ್ಪು ಮಾತ್ರ ಎಂದೂ ಭಾವಿಸಬೇಡಿ. ನುಣುಪಾದ ಒದ್ದೆ ಅದಿರನ್ನು ಹಡಗಿಗೆ ತುಂಬಿದರೆ ಅಲೆಗಳ ಕುಲುಕಾಟಕ್ಕೆ ಅದು ಕೆಸರಿನಂತೆ ಹರಿದು ಒಂದು ಬದಿಗೆ ಸರಿಯುತ್ತದೆ, ಹಡಗು ಮಗುಚುತ್ತದೆ. 2010ರ ಕೊನೆಯ ತಿಂಗಳುಗಳಲ್ಲಿ ನಿಕ್ಕಲ್ ಅದಿರು ಹೊತ್ತ ಮೂರು ಹಡಗುಗಳು ಒಂದರ ಹಿಂದೆ ಒಂದು ಮುಳುಗಿ 44 ನಾವಿಕರು ಸತ್ತರು. ಅದಿರು ದ್ರವದಂತಾದುದೇ ಕಾರಣ ಎಂದು ತಿಳಿಯಲಾಗಿದೆ. ಅದಿರಿನ ತೇವ ಸುರಕ್ಷಿತ ಮಿತಿಯೊಳಗಿದೆ ಎಂಬ ಪ್ರಮಾಣಪತ್ರ ಹಡಗು ತುಂಬುವ ಮೊದಲೇ ನಾಯಕನ ಕೈ ಸೇರಬೇಕು. ಆ ಪತ್ರದ ಹಿಂದೆ ಇರುವುದೂ ಯಾರೋ ರಾಶಿಯಿಂದ ತೆಗೆದ ಮಾದರಿಯೇ. ಬಿಸಿಲಿಗೆ ಒಣಗಿದ ಮೇಲ್ಪದರದಿಂದ ತೆಗೆದು, ಚೀಲದ ಬಾಯಿ ಬಿಗಿಯದೆ ಮಧ್ಯಾಹ್ನದವರೆಗೆ ಬಯಲಲ್ಲಿ ಬಿಟ್ಟರೆ ಪತ್ರದಲ್ಲಿ ಅಂಕಿ ಚೆನ್ನಾಗಿಯೇ ಬರುತ್ತದೆ.

ತಪಾಸಣೆಗೆಂದು ಗಣಿಗಳು ಚೀಲಗಳ ಸಾಲಿನ ನಡುವೆ ಲೋಹವಿಲ್ಲದ ಕಲ್ಲು, ಮೊದಲೇ ಉತ್ತರ ಗೊತ್ತಿರುವ ಪುಡಿ, ಜೋಡಿ ಮಾದರಿಗಳನ್ನು ಸೇರಿಸಿ ಕಳಿಸುವುದುಂಟು. ಒಳ್ಳೆಯದೇ. ಆದರೆ ಮೊದಲಿನ ಎರಡು ಪರೀಕ್ಷಿಸುವುದು ಪ್ರಯೋಗಾಲಯವನ್ನು, ಸಲಿಕೆಯನ್ನಲ್ಲ. ಜೋಡಿ ಮಾದರಿಗಳೆರಡನ್ನೂ ಗುಡ್ಡೆಯ ಮೇಲಿನಿಂದಲೇ ತೆಗೆದಿದ್ದರೆ ಎರಡು ಉತ್ತರಗಳೂ ಚೆನ್ನಾಗಿ ಹೊಂದುತ್ತವೆ, ಎರಡೂ ತಪ್ಪಾಗಿರುತ್ತವೆ. ಕಾಗದದ ಮೇಲೆ ಇದನ್ನು ಹಿಡಿಯುವ ದಾರಿಯಿಲ್ಲದ್ದರಿಂದಲೇ ತೆಗೆಯುವವನಿಗೆ ಕಲಿಸಬೇಕಾಗುತ್ತದೆ.

ಕಲಿಸುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ಹೆಚ್ಚಿನ ಕಡೆ ತರಬೇತಿ ಎಂದರೆ ಹೀಗೆ ಮಾಡು, ಹಾಗೆ ಮಾಡಬೇಡ ಎಂಬ ಪಟ್ಟಿ, ಕೆಳಗೆ ಒಂದು ಸಹಿ. ಏಕೆ ಎಂಬುದನ್ನು ಎಂಜಿನಿಯರುಗಳಿಗೆ ಮೀಸಲಿಡುತ್ತಾರೆ. ಅದರ ಬದಲು ಕಪ್ಪು ಮತ್ತು ಬಿಳಿ ಮಣಿಗಳನ್ನು ಗೊತ್ತಿರುವ ಲೆಕ್ಕದಲ್ಲಿ ಬೆರೆಸಿ, ಬಿಳಿಯವು ದಪ್ಪ, ಕಪ್ಪು ಸಣ್ಣವು ಇರಲಿ, ರಾಶಿ ಸುರಿದು, ಪ್ರತಿಯೊಬ್ಬರೂ ಒಂದೊಂದು ಸಲಿಕೆ ತೆಗೆದು ಎಣಿಸಲಿ. ಮೊದಲು ಮೇಲಿನಿಂದ, ಆಮೇಲೆ ಬುಡದಿಂದ, ಕೊನೆಗೆ ಪೂರ್ತಿ ಸೀಳಿ. ಒಂದು ಬೆಳಗ್ಗೆ ಸಾಕು. ಲೆಕ್ಕ ಬಾರದವನಿಗೂ ತನ್ನ ಕೈ ತನಗೆ ಹೇಗೆ ಸುಳ್ಳು ಹೇಳಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅದೇ ತರಗತಿಯಲ್ಲಿ ಮೇಲ್ವಿಚಾರಕರನ್ನೂ ಕೂರಿಸಬೇಕು, ಏಕೆಂದರೆ ರಾತ್ರಿ ಪಾಳಿಯಲ್ಲಿ ಮಳೆ ಸುರಿದು ಗುಡ್ಡೆ ಕೊಚ್ಚಿಹೋದಾಗ ಕೆಲಸಗಾರನ ಮುಂದೆ ಎರಡು ದಾರಿಗಳಿರುತ್ತವೆ: ಪಕ್ಕದ ರಂಧ್ರದ ಪುಡಿಯನ್ನೇ ಎರಡು ಚೀಲಕ್ಕೆ ಹಂಚುವುದು, ಇಲ್ಲವೇ ಹಾಳೆಯಲ್ಲಿ ‘ಮಾದರಿ ಸಿಗಲಿಲ್ಲ’ ಎಂದು ಬರೆಯುವುದು. ಹಾಗೆ ಬರೆದವನಿಗೆ ಬೆಳಿಗ್ಗೆ ಬೈಗುಳ ಸಿಕ್ಕಿತೆಂದರೆ, ಮರುದಿನದಿಂದ ಆ ಗಣಿಯ ಹಾಳೆಗಳಲ್ಲಿ ಒಂದು ಚೌಕವೂ ಖಾಲಿ ಇರುವುದಿಲ್ಲ.