ಮೊಲಕ್ಕೆ ಉಣಿಸುವ ಮೊದಲು ಅದರ ಕರುಳನ್ನು ತಿಳಿಯಿರಿ

ಮೊಲ ತಲೆಯನ್ನು ಹಿಂಗಾಲುಗಳ ನಡುವೆ ಬಾಗಿಸಿ, ಗುದದ್ವಾರದಿಂದಲೇ ಏನನ್ನೋ ಬಾಯಿಗೆ ತೆಗೆದುಕೊಂಡು ಅಗಿಯದೆ ನುಂಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಮಾಂಸಕ್ಕಾಗಿ ಹೊಸದಾಗಿ ಮೊಲ ಸಾಕುವವರು ಇದನ್ನು ಕಂಡು ಗಾಬರಿಯಾಗುತ್ತಾರೆ. ರೋಗ ಬಂದಿದೆ ಎಂದುಕೊಳ್ಳುತ್ತಾರೆ, ಇಲ್ಲವೇ ಹೊಟ್ಟೆಗೆ ಸಾಲುತ್ತಿಲ್ಲವೆಂದು ಬಗೆದು ಗೋವಿನ ಜೋಳದ ನುಚ್ಚನ್ನು ಇನ್ನೊಂದು ಹಿಡಿ ಸುರಿಯುತ್ತಾರೆ. ಮೊಲಕ್ಕೆ ಕುತ್ತು ತರುವುದು ಹಿಕ್ಕೆಯಲ್ಲ, ಆ ನುಚ್ಚು.

ಮೊಲಕ್ಕೆ ಎರಡು ಬಗೆಯ ಹಿಕ್ಕೆಗಳಿವೆ. ಗೂಡಿನ ಕೆಳಗೆ ಬೀಳುವ ಗಟ್ಟಿ, ಒಣ ಉಂಡೆಗಳನ್ನು ಎಲ್ಲರೂ ನೋಡಿರುತ್ತಾರೆ. ಇನ್ನೊಂದು ಬಗೆಯದು ಮೆತ್ತಗೆ, ಲೋಳೆ ಹೊದ್ದು ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುತ್ತದೆ. ಮೊಲ ವಿಶ್ರಾಂತಿಯಲ್ಲಿರುವಾಗ ಅದನ್ನು ನೆಲಕ್ಕೆ ಬೀಳಲು ಬಿಡದೆ ನುಂಗುವುದರಿಂದ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ತಂತಿಜಾಲರಿಯ ನೆಲ ಹಾಕಿ ಈ ‘ಕೆಟ್ಟ ಚಟ’ ಬಿಡಿಸುತ್ತೇವೆ ಎನ್ನುವವರ ಶ್ರಮ ವ್ಯರ್ಥ. ಫ್ರಾನ್ಸಿನ ಪಶುವೈದ್ಯ ಮೊರೊ 1882ರಲ್ಲೇ ಈ ಎರಡು ಬಗೆಗಳನ್ನು ಬಿಡಿಸಿ ವಿವರಿಸಿದ್ದರು. ಇಷ್ಟು ವರ್ಷಗಳಾದರೂ ಆ ತಿಳಿವಳಿಕೆ ನಮ್ಮ ಗೂಡುಗಳವರೆಗೆ ಬಂದಿಲ್ಲವೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸಣ್ಣಕರುಳು ಮತ್ತು ದೊಡ್ಡಕರುಳು ಕೂಡುವಲ್ಲಿ ಮೊಲಕ್ಕೆ ಒಂದು ಭಾರಿ ಚೀಲವಿದೆ. ಅದೇ ಕುರುಡುಗರುಳು. ಜೀರ್ಣಾಂಗದಲ್ಲಿರುವ ಮೇವಿನ ಸುಮಾರು ಶೇ 40ರಷ್ಟು ಅಲ್ಲೇ ಇರುತ್ತದೆ. ಅದರ ಪಕ್ಕದ ದೊಡ್ಡಕರುಳಿನ ಮೊದಲ ಭಾಗ ಮಾಡುವ ಕೆಲಸ ಜೋಳದ ಹಿಟ್ಟು ಜರಡಿ ಹಿಡಿದಂತೆಯೇ ಇದೆ: ಒರಟು ನಾರು ಒಂದು ಕಡೆ, ಸಣ್ಣ ಕಣ ಇನ್ನೊಂದು ಕಡೆ. ಒರಟು ನಾರು ಮುಂದೆ ಸಾಗಿ ಗಟ್ಟಿ ಹಿಕ್ಕೆಯಾಗಿ ಹೊರಬೀಳುತ್ತದೆ. ನೀರು ಮತ್ತು ನುಣ್ಣನೆಯ ಕಣಗಳನ್ನು ಕರುಳು ಹಿಮ್ಮುಖವಾಗಿ ಅಲೆಯಾಡಿ ಕುರುಡುಗರುಳಿಗೆ ದಬ್ಬುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಪ್ರೋಟೀನ್, ಬಿ ಗುಂಪಿನ ಜೀವಸತ್ವಗಳು ಮತ್ತು ಕೆ ಜೀವಸತ್ವವನ್ನು ತಯಾರಿಸುತ್ತವೆ. ಮೆತ್ತನೆಯ ಹಿಕ್ಕೆ ಎಂದರೆ ಆ ತಯಾರಾದ ಆಹಾರ. ಎಮ್ಮೆ ಮೆಲುಕು ಹಾಕಿ ಪಡೆಯುವುದನ್ನು ಮೊಲ ಮರಳಿ ನುಂಗಿ ಪಡೆಯುತ್ತದೆ.

ಹೊರಗೆ ಎಸೆಯುವ ನಾರನ್ನು ತಿನ್ನಿಸುವುದಾದರೂ ಏಕೆ ಎಂಬ ಪ್ರಶ್ನೆ ಏಳುತ್ತದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ. ಒರಟು ನಾರಿನಿಂದ ಮೊಲಕ್ಕೆ ಸಿಗುವ ಶಕ್ತಿ ಅಲ್ಪ. ಆದರೆ ಕರುಳು ಅಲುಗಾಡುತ್ತಿರುವುದೇ ಆ ನಾರಿನ ಒತ್ತಡದಿಂದ. ನಾರು ಕಡಿಮೆಯಾದರೆ ಕರುಳು ಮಂದವಾಗುತ್ತದೆ. ನುಚ್ಚು ಹೆಚ್ಚಾದರೆ ಜೀರ್ಣವಾಗದೆ ಉಳಿದ ಪಿಷ್ಟ ಕುರುಡುಗರುಳಿಗೆ ಇಳಿಯುತ್ತದೆ. ಅಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಕಾರುತ್ತವೆ. ತಾಯಿ ಹಾಲು ಬಿಟ್ಟ ಆಸುಪಾಸಿನ ಮರಿಗಳು ಸಂಜೆ ಚೆನ್ನಾಗಿದ್ದು ಬೆಳಿಗ್ಗೆ ಭೇದಿಯಾಗಿ ಸತ್ತು ಬಿದ್ದಿರುವುದರ ಹಿಂದೆ ಬಹಳ ಸಲ ಇದೇ ಕಾರಣವಿರುತ್ತದೆ. ಯಾರ ದೃಷ್ಟಿಯೂ ತಾಗಿರುವುದಿಲ್ಲ. ಗೂಡಿಗೆ ನಿಂಬೆಹಣ್ಣು ಕಟ್ಟುವ ಬದಲು ಮೇವಿನ ಬುಟ್ಟಿ ನೋಡಬೇಕು.

ಮೊಲವೂ ಇಲಿಯ ಜಾತಿಯೇ, ಕಾಳು ತಿಂದು ಬದುಕುತ್ತದೆ ಎಂಬ ಮಾತೂ ಇದೆ. ವಿಜ್ಞಾನಿಗಳೂ ಬಹುಕಾಲ ಎರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. 1912ರಲ್ಲಿ ಅಮೆರಿಕದ ವಿಜ್ಞಾನಿ ಗಿಡ್ಲಿ ಅವುಗಳನ್ನು ಬೇರ್ಪಡಿಸಿದರು. ಮೊಲದ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಪುಟ್ಟ ಹಲ್ಲುಗಳಿವೆ, ಇಲಿಗೆ ಇಲ್ಲ. ಮೊಲದ ಹಲ್ಲು ಬಾಳಿನುದ್ದಕ್ಕೂ ಬೆಳೆಯುತ್ತದೆ, ಮುಂಬಲ್ಲು ವರ್ಷಕ್ಕೆ ಸುಮಾರು 10 ಸೆಂಟಿಮೀಟರ್. ಅದನ್ನು ಸವೆಸುವುದೂ ಒರಟು ಮೇವೇ.

ನಮ್ಮ ಕಡೆ ಒರಟು ಮೇವಿಗೆ ಬರವಿಲ್ಲ. ಶೇಂಗಾ ಬಳ್ಳಿ, ಒಣಹುಲ್ಲು, ಕುದುರೆ ಮೆಂತೆ ಇವೆಲ್ಲ ಆಗುತ್ತವೆ. ಶೇಂಗಾ ಬಳ್ಳಿಯಲ್ಲಾಗಲಿ ಹಿಂಡಿಯಲ್ಲಾಗಲಿ ಬೂಷ್ಟು ವಾಸನೆ ಬಂದರೆ ಮುಟ್ಟಿಸಬಾರದು, ಶಿಲೀಂಧ್ರದ ಅಫ್ಲಟಾಕ್ಸಿನ್ ವಿಷವನ್ನು ಮೊಲ ತಾಳಲಾರದು. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರು ದನಗಳಿಗೆ ವಿಷವೆಂಬುದು ರೈತರಿಗೆ ಗೊತ್ತೇ ಇದೆ, ಮೊಲಕ್ಕೂ ಅದು ಬೇಡ. ಬೆಳಗಾವಿ ಸಂತೆಯಲ್ಲಿ ಉಳಿದ ಕೋಸಿನ ಎಲೆ, ಗಜ್ಜರಿ ಬಾಯಿರುಚಿಗೆ ಒಂದಿಷ್ಟು ಇರಲಿ, ಹೊಟ್ಟೆ ತುಂಬಿಸಲು ಅಲ್ಲ. ಮೂರು ನಾಲ್ಕು ಕಿಲೋ ತೂಗುವ ಮೊಲಕ್ಕೆ ದಿನಕ್ಕೆ 100ರಿಂದ 150 ಗ್ರಾಂ ಸಿದ್ಧ ಆಹಾರ ಸಾಕು. ಒಣಹುಲ್ಲು ಮಾತ್ರ ಯಾವಾಗಲೂ ಮುಂದಿರಬೇಕು. ಮೇವು ಬದಲಿಸುವುದಿದ್ದರೆ ಒಂದು ವಾರ ಹಳೆಯದರ ಜೊತೆ ಬೆರೆಸುತ್ತ ಬದಲಿಸಬೇಕು. ಕುರಿಗೆ ತಂದು ಉಳಿದ ಆಂಟಿಬಯಾಟಿಕ್ ಔಷಧವನ್ನು ಬಾಯಿಗೆ ಹಾಕಲೇಬಾರದು. ಪೆನಿಸಿಲಿನ್ ಗುಂಪಿನ ಔಷಧ ಹೊಟ್ಟೆಗೆ ಹೋದರೆ ಕುರುಡುಗರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು.

ಮೊಲ ನೀರು ಕುಡಿದರೆ ಶೀತವಾಗಿ ಸಾಯುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಕ್ರೂರವಾದದ್ದು. ನೀರಿಲ್ಲದೆ ಕರುಳಿನ ಆ ವಿಂಗಡಣೆ ನಡೆಯುವುದೇ ಇಲ್ಲ, ನೀರು ನಿಲ್ಲಿಸಿದರೆ ಮೊಲ ಮೇವನ್ನೂ ಬಿಡುತ್ತದೆ. ಹಾಲೂಡುವ ತಾಯಿಮೊಲ ಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕುಡಿಯಬಲ್ಲದು. ಆ ತಾಯಿ ಮರಿಗಳ ಬಳಿ ಸುಳಿಯುವುದೇ ಇಲ್ಲವೆಂದು ಹೆದರುವುದೂ ಬೇಡ. ಅದು ದಿನಕ್ಕೆ ಒಮ್ಮೆ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಆ ಹಾಲು ಹಸುವಿನ ಹಾಲಿಗಿಂತ ಬಹಳ ಗಟ್ಟಿ.

ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಲಕ್ಕೆ 30 ಡಿಗ್ರಿಯೇ ಕಷ್ಟ, ಬೆವರುವ ದಾರಿಯಿಲ್ಲದೆ ಅದು ಕಿವಿಗಳಿಂದ ಬಿಸಿ ಹೊರಹಾಕುತ್ತದೆ. ಬಿಸಿಲಿಗೆ ಬಳಲಿದ ಗಂಡುಮೊಲ ಮಳೆ ಹಿಡಿದ ಮೇಲೂ ಕೆಲವು ವಾರ ಫಲ ಕೊಡದಿರಬಹುದು. ಆದ್ದರಿಂದ ತಗಡಿನ ಮಾಡಿನ ಮೇಲೆ ಹುಲ್ಲು ಹೊದಿಸಿ, ಮೇವನ್ನು ಇಳಿಹೊತ್ತಿನ ಮೇಲೆ ಹಾಕುವುದು ಒಳ್ಳೆಯದು. ಬೆಳಿಗ್ಗೆ ಗೂಡಿನ ಕೆಳಗಿನ ಹಿಕ್ಕೆಯನ್ನು ಕೈಯಲ್ಲಿ ಹಿಡಿದು ನೋಡಿ. ದುಂಡಗೆ, ಒಂದೇ ಗಾತ್ರದಲ್ಲಿದ್ದು, ಪುಡಿಮಾಡಿದರೆ ಒಳಗೆ ಹುಲ್ಲಿನ ಎಳೆ ಕಂಡರೆ ಕರುಳು ಸರಿಯಾಗಿ ನಡೆಯುತ್ತಿದೆ. ಉಂಡೆಗಳು ಸಣ್ಣಗಾಗುತ್ತ ಬಂದರೆ ಅಂದೇ ಒಣಹುಲ್ಲು ಹೆಚ್ಚಿಸಿ. ಮೇವು ಬಿಟ್ಟು, ಅರ್ಧ ದಿನವಾದರೂ ಹಿಕ್ಕೆಯೇ ಬೀಳದಿದ್ದರೆ ಮರುದಿನಕ್ಕೆ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ.